ಐನೂರ ಹತ್ತನೆಯ ಗೂಡು

ಯಂತ್ರದ ಪರದೆಯಲ್ಲಿ 510ರ ಎದುರು 180 ಎಂದೇ ಇತ್ತು. ಐವಾಜ್ ಅಂಗಿಯ ತೋಳಿನಿಂದ ಗಾಜನ್ನು ಒರೆಸಿ ಮತ್ತೊಮ್ಮೆ ನೋಡಿದ. ಎಣ್ಣೆಯ ಜಿಡ್ಡು ಇನ್ನಷ್ಟು ಅಗಲಕ್ಕೆ ಹರಡಿತೇ ಹೊರತು ಸಂಖ್ಯೆ ಬದಲಾಗಲಿಲ್ಲ. ಬದಲಾಗಲು ಕಾರಣವೂ ಇರಲಿಲ್ಲ. ಮೂರು ವಾರದಿಂದ ಆ ದೊಡ್ಡ ಲೇತ್ ಯಂತ್ರಕ್ಕೆ ಯಾರೂ ಕೆಲಸ ಕೊಟ್ಟಿರಲಿಲ್ಲ. ತನಿಖೆ ಮುಗಿಯುವವರೆಗೆ ಮುಟ್ಟಕೂಡದೆಂದು ಸುತ್ತ ಹಳದಿ ಪಟ್ಟಿ ಕಟ್ಟಿದ್ದರು. ಆದರೂ ದಿನಾ ಬೆಳಿಗ್ಗೆ, ಉಳಿದವರು ಚಹಾದ ಸಮೋವರಿನ ಸುತ್ತ ಕೂತು ಸಂಗಕ್ ರೊಟ್ಟಿ ಹರಿಯುತ್ತಿರುವಾಗ, ಅವನು ಆ ಪಟ್ಟಿಯಡಿ ತಲೆ ಬಗ್ಗಿಸಿ ನುಸುಳಿ, ಯಂತ್ರವನ್ನು ಆಡಿಸುವ ಕಂಟ್ರೋಲರಿನ ಸ್ವಿಚ್ಚು ಹಾಕಿ, ಪುಟ ತಿರುಗಿಸಿ, ಇದೊಂದು ಸಂಖ್ಯೆಯನ್ನು ನೋಡಿ ಆರಿಸಿ ಬರುತ್ತಿದ್ದ. ನೋಡಿದರೆ ಸಮಾಧಾನವಾಗುತ್ತದೆ ಎಂದೇನಲ್ಲ. ಬೀಗ ಹಾಕಿ ಹತ್ತು ಹೆಜ್ಜೆ ನಡೆದವನು ಹಾಕಿದೆನೋ ಇಲ್ಲವೋ ಎಂದು ಮರಳಿ ಬಂದು ಎಳೆದು ನೋಡುತ್ತಾನಲ್ಲ, ಹಾಗೆ. ಆದರೆ ಹಾಗೆ ಎಳೆದು ನೋಡುವವನು ತನ್ನ ಮನೆಯ ಬೀಗವನ್ನು ಎಳೆಯುತ್ತಾನೆ. ಇವನು ಮುಟ್ಟುತ್ತಿದ್ದುದು ತಾನೇ ಒಡೆದು ಸರಿ ಮಾಡಿಟ್ಟ ಬೀಗವನ್ನು.

"ಐವಾಜ್ ಉಸ್ತಾ, ಅಲ್ಲೇನು ನಮಾಜ್ ಮಾಡ್ತಿದೀಯಾ? ಚಹಾ ಆರ್ತಾ ಇದೆ," ಎಂದು ವೆಲ್ಡಿಂಗಿನ ಮೂಸಾ ಕೂಗಿದ. ಯಾರೋ ನಕ್ಕರು. ಐವಾಜ್ ಪಟ್ಟಿಯಡಿಯಿಂದ ಹೊರಗೆ ಬರುವಾಗ ಅದು ಕುತ್ತಿಗೆಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವ ಅವಸರದಲ್ಲಿ ಟೋಪಿ ಬಿತ್ತು. ಅದನ್ನು ಎತ್ತಿಕೊಂಡು, ಎತ್ತಿಕೊಂಡದ್ದನ್ನು ಯಾರು ಯಾರು ನೋಡಿದರೆಂದು ಲೆಕ್ಕ ಹಾಕುತ್ತ ಬಂದು ಕೂತ. ಸಕ್ಕರೆ ಹರಳನ್ನು ಹಲ್ಲಿಗೆ ಕಚ್ಚಿಕೊಂಡು ಚಹಾ ಹೀರಿದರೆ ಸಿಹಿಯೇ ಹತ್ತಲಿಲ್ಲ. ತೆರೆದ ಬಾಗಿಲಿನಾಚೆ ಸಹಂದ್ ಬೆಟ್ಟದ ಮೇಲೆ ಹಿಮ ಇನ್ನೂ ಕರಗಿರಲಿಲ್ಲ. ನೌರೂಜ್‌ಗೆ ಹದಿನೈದು ದಿನ ಉಳಿದಿತ್ತು. ಹೊಸ ವರ್ಷದ ಆ ಹಬ್ಬಕ್ಕೆಂದು ಮನೆಯಲ್ಲಿ ಹೆಂಡತಿ ಫರಂಗೀಸ್ ಕಿಟಕಿಯ ಪರದೆಗಳನ್ನೆಲ್ಲ ಕಿತ್ತು ಒಗೆಯಲು ಹಾಕಿದ್ದಳು. ಬೆತ್ತಲೆ ಕಿಟಕಿಗಳ ಮನೆಯಲ್ಲಿ ನಿನ್ನೆ ಸಂಜೆಯಿಡೀ ಅವನಿಗೆ ಎದುರು ಮನೆಯವರು ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿತ್ತು.

"ಇವತ್ತು ಆ ಇನ್ಸ್‌ಪೆಕ್ಟರ್ ಬರ್ತಾನಂತೆ," ಎಂದ ಮೂಸಾ. "ಬೈರಾಮಣ್ಣನೂ ಬರ್ತಾನೆ. ಹೇಳಿಕೆ ಬರ್ಕೊಂಡು ಫೈಲು ಮುಚ್ತಾರೆ. ನೌರೂಜ್ ಒಳಗೆ ಮುಗೀಲಿ ಅಂತ ಮುಹಂದಿಸ್ ಸಾಹೇಬ್ರ ಆತುರ."

"ಗೊತ್ತು," ಎಂದ ಐವಾಜ್.

ಗೊತ್ತಿದ್ದುದರಿಂದಲೇ ಬೆಳಿಗ್ಗೆ ಐದಕ್ಕೆ ಎಚ್ಚರಾಗಿತ್ತು. ಗೊತ್ತಿದ್ದುದರಿಂದಲೇ ಮುಖ ಕ್ಷೌರ ಮಾಡಿಕೊಳ್ಳುವಾಗ ಗದ್ದದ ಕೆಳಗೆ ಕೊಯ್ದುಕೊಂಡಿದ್ದ. ಗೊತ್ತಿರುವುದು ಎಂದರೆ ಏನು? ಆ ಕಂಟ್ರೋಲರಿಗೂ ಗೊತ್ತಿರುತ್ತಿತ್ತು, ತನ್ನದೇ ರೀತಿಯಲ್ಲಿ. ಅದರಲ್ಲಿ ಸಂಖ್ಯೆಗಳನ್ನು ಇಡುವುದಕ್ಕೆ ಜಾಗಗಳಿದ್ದವು. ಪುಸ್ತಕದಲ್ಲಿ ಅವಕ್ಕೆ ವೇರಿಯಬಲ್ ಎಂದು ಹೆಸರು. ಒಂದರಿಂದ ಮೂವತ್ತಮೂರರವರೆಗಿನವು ಹಿಡಿದ ಕೆಲಸ ಮುಗಿದೊಡನೆ ಬರಿದಾಗುತ್ತಿದ್ದವು. ನೂರರಿಂದ ಮೇಲಿನವು ಯಂತ್ರ ಆರಿಸುವ ತನಕ ಉಳಿಯುತ್ತಿದ್ದವು. ಐನೂರರಿಂದ ಮೇಲಿನವು ಮಾತ್ರ ಕರೆಂಟು ಹೋಗಲಿ, ವಾರ ಕಳೆಯಲಿ, ಕೊಟ್ಟದ್ದನ್ನು ಹಾಗೇ ಹಿಡಿದಿಟ್ಟುಕೊಳ್ಳುತ್ತಿದ್ದವು. ಯಾರು ಕೊಟ್ಟರು, ಯಾವಾಗ, ಯಾತಕ್ಕೆ ಎಂಬುದನ್ನು ಹಳೆಯ ಆ ಕಂಟ್ರೋಲರ್ ಎಲ್ಲಿಯೂ ಬರೆದುಕೊಳ್ಳುತ್ತಿರಲಿಲ್ಲ. ಐವಾಜ್ ಇದನ್ನೆಲ್ಲ ಕಲಿತದ್ದು ಅರ್ಧ ಅಳಿಸಿಹೋದ ಜೆರಾಕ್ಸ್ ಪುಸ್ತಕದಿಂದ, ಇಂಗ್ಲಿಷ್ ನಿಘಂಟು ಪಕ್ಕದಲ್ಲಿಟ್ಟುಕೊಂಡು, ನಾಲ್ಕು ಚಳಿಗಾಲ. ಅವನು ಎಂಟನೆಯ ತರಗತಿಗೆ ಶಾಲೆ ಬಿಟ್ಟವನು. ಕಾರ್ಖಾನೆಯಲ್ಲಿ ಎಂಜಿನಿಯರಿಂಗ್ ಪದವಿ ಪಡೆದ ಮೂವರು ಮುಹಂದಿಸರಿದ್ದರೂ ಮ್ಯಾಕ್ರೋ ಬರೆಯಲು ಬರುತ್ತಿದ್ದುದು ಅವನೊಬ್ಬನಿಗೆ. ಒಮ್ಮೆ ಬರೆದಿಟ್ಟರೆ ಬೇಕಾದಾಗ ಕರೆದು, ಅಳತೆಯನ್ನಷ್ಟೇ ಬದಲಿಸಿ ಓಡಿಸಬಹುದಾದ ಸಣ್ಣ ಸಣ್ಣ ಪ್ರೋಗ್ರಾಮುಗಳವು. ಅವನ್ನು ಬರೆಯುವಾಗ ಐವಾಜ್‌ಗೆ ತಾನು ಇನ್ನಾರೋ ಆದಂತೆ, ಎತ್ತರವಾದಂತೆ ಅನ್ನಿಸುತ್ತಿತ್ತು.

ಗೂಡು ಎಂಬ ಮಾತು ಬೈರಾಮಲಿಯದು. ಅವನು ಇಪ್ಪತ್ತಾರು ವರ್ಷ ಲೇತ್ ನಡೆಸಿದವನು, ಐವಾಜ್‌ಗಿಂತ ಹದಿನಾಲ್ಕು ವರ್ಷ ಹಿರಿಯ. ಮೊದಲ ದಿನ ಐವಾಜ್‌ನ ಕೈಗೆ ಕಬ್ಬಿಣ ಕೊಟ್ಟವನೂ ಅವನೇ. "ವೇರಿಯಬಲ್ಲೋ ಗೀರಿಯಬಲ್ಲೋ, ನನ್ನ ನಾಲಿಗೆಗೆ ಬರಲ್ಲ ತಮ್ಮಾ. ನಮ್ಮಜ್ಜಿ ಮನೇಲಿ ಗೋಡೆ ತುಂಬ ಗೂಡುಗಳಿದ್ವು. ಒಂದರಲ್ಲಿ ದೀಪ, ಒಂದರಲ್ಲಿ ಕುರಾನು, ಒಂದರಲ್ಲಿ ತಾತನ ಹಲ್ಲು. ಅಂಥದ್ದೇ ತಾನೆ ಇದೂ?" ಎಂದಿದ್ದ. ಪಂಪಿನ ಒಡಲುಗಳನ್ನು ಕೊರೆಯುವ ಮ್ಯಾಕ್ರೋವನ್ನು ಇಬ್ಬರೂ ಕೂತೇ ಮಾಡಿದ್ದರು. ಹಿಡಿದು ತಿರುಗಿಸುವ ಚಕ್ಕಿನ ಮೇಲೆ ಒಡಲು ಕೂರುತ್ತದೆ, ನೂರೈವತ್ತು ಮಿಲಿಮೀಟರು ಎತ್ತರ. ಮೇಲಿಂದ ಇಳಿಯುವ ಟೂಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ವೇಗವಾಗಿ ಸರಿಯುವ ಮೊದಲು ಅದಕ್ಕಿಂತ ಮೇಲೆ ಹೋಗಿ ನಿಲ್ಲಬೇಕು. ನೂರೆಂಬತ್ತಕ್ಕೆ ನಿಂತರೆ ಕ್ಷೇಮ. "ಆ ನೂರೆಂಬತ್ತನ್ನ ಕರೆಂಟ್ ಹೋದ್ರೂ ಮರೀದಿರೋ ಗೂಡಲ್ಲಿ ಇಡು," ಎಂದು ಬೈರಾಮಲಿಯೇ ಹೇಳಿದ್ದ. ಐವಾಜ್ 510ರಲ್ಲಿ ಇಟ್ಟ. ತನ್ನ ನೀಲಿ ನೋಟುಬುಕ್ಕಿನಲ್ಲಿ ಬರೆದುಕೊಂಡ: 510, ಪಂಪು, ಕ್ಷೇಮದ ಎತ್ತರ, ಮುಟ್ಟಬಾರದು.

ಆಮೇಲೆ ಒಂದು ದಿನ ಕಾರ್ಖಾನೆ ನೋಡಿಕೊಳ್ಳುವ ಮುಹಂದಿಸ್ ಸಿಯಾಮಕ್ ಟೆಹರಾನಿನ ಇಬ್ಬರು ಗಿರಾಕಿಗಳನ್ನು ಕರೆದುಕೊಂಡು ಬಂದ. ಅವನದು ಮೂವತ್ತೆರಡರ ಹುಡುಗನಂಥ ಮುಖ, ತೊಳೆದ ಕೈಗಳು. ಅದೇ ಯಂತ್ರದ ಮೇಲೆ ಅವರ ಬೇರಿಂಗ್ ಮುಚ್ಚಳಗಳ ಕೆಲಸ ಶುರುವಾಗಬೇಕಿತ್ತು. ಎಷ್ಟು ಆದವೆಂದು ಪರದೆಯ ಮೇಲೇ ಎಣಿಕೆ ಕಾಣಿಸಿದರೆ ಚೆನ್ನ ಎಂದು ಗಿರಾಕಿಗಳಲ್ಲೊಬ್ಬ ಅಂದ. "ಅದೇನು ಮಹಾ," ಎಂದು ಸಿಯಾಮಕ್ ಐವಾಜ್‌ನ ಬೆನ್ನ ಮೇಲೆ ಕೈಯಿಟ್ಟ. "ನಮ್ಮ ಐವಾಜ್ ಕಾಲೇಜಿನ ಬಾಗಿಲು ಕಂಡವನಲ್ಲ. ಆದ್ರೆ ಯಂತ್ರದ ಜೊತೆ ಮಾತಾಡ್ತಾನೆ. ಏಯ್ ಐವಾಜ್, ಎಷ್ಟು ಹೊತ್ತು ಬೇಕು ನಿಂಗೆ?" ಪಂಜರದ ಗಿಣಿಗೆ ಮಾತಾಡು ಅಂದ ಹಾಗಿತ್ತು. ಐವಾಜ್‌ಗೆ ಅವಮಾನವೂ ಆಯಿತು, ಒಳಗೆಲ್ಲೋ ಬೆಚ್ಚಗೂ ಆಯಿತು. ಯಾವುದು ಹೆಚ್ಚೆಂದು ಆಗ ತಿಳಿಯಲಿಲ್ಲ. "ಹತ್ತು ನಿಮಿಷ," ಎಂದ. ಮೂವರೂ ಬೆನ್ನ ಹಿಂದೆ ನಿಂತರು. ಎಣಿಕೆ ಇಡಲು ಮರೆಯದ ಗೂಡೊಂದು ಬೇಕು. ನೀಲಿ ನೋಟುಬುಕ್ಕು ಕೋಟಿನ ಜೇಬಿನಲ್ಲಿತ್ತು. ಕೋಟು ನಾಲ್ಕು ಹೆಜ್ಜೆ ಆಚೆ ಮೊಳೆಗೆ ತೂಗುತ್ತಿತ್ತು. ಹೋಗಿ ಪುಟ ತಿರುವಿ ನೋಡಿದರೆ, ನೋಡಿ ಬರೆಯುವವನು ಎಂದು ಅವರಿಗೆ ಅನ್ನಿಸುತ್ತಿತ್ತು. ಬೆರಳು ತಾನಾಗಿಯೇ 510 ಎಂದು ಒತ್ತಿತು. ಬೆರಳಿಗೆ ಆ ಸಂಖ್ಯೆ ರೂಢಿಯಾಗಿದ್ದುದೇ ಅದನ್ನು ಹಿಂದೆ ಸಾವಿರ ಸಲ ಒತ್ತಿದ್ದರಿಂದ ಎಂದು ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ. ಸೊನ್ನೆಯಿಂದ ಶುರು, ಒಂದು ಮುಚ್ಚಳ ಮುಗಿದರೆ ಒಂದು ಸೇರಿಸು. ಏಳು ನಿಮಿಷಕ್ಕೆ ಮುಗಿಯಿತು. ಗಿರಾಕಿ ಚಪ್ಪಾಳೆ ತಟ್ಟಿದ. ಆ ಚಪ್ಪಾಳೆಯನ್ನು ಐವಾಜ್ ಮನೆಗೆ ಹೋಗುವ ದಾರಿಯುದ್ದಕ್ಕೂ ಕೇಳಿಸಿಕೊಂಡಿದ್ದ.

ಮೂವತ್ತೇಳು ಮುಚ್ಚಳಗಳಾದವು. ಕೆಲಸ ನಿಂತಿತು. ಪಂಪಿನ ಒಡಲು ಮತ್ತೆ ಬಂತು. ಬೈರಾಮಲಿ ಎಂದಿನಂತೆ ಒಡಲು ಕೂರಿಸಿ, ಬಿಗಿದು, ಬಟನ್ನು ಒತ್ತಿದ. ಟೂಲು ನೂರೆಂಬತ್ತಕ್ಕೆ ಏರುವ ಬದಲು ಮೂವತ್ತೇಳಕ್ಕೆ ಇಳಿದು, ಪೂರ್ತಿ ವೇಗದಲ್ಲಿ ಅಡ್ಡ ಸರಿಯಿತು. ಆ ಸದ್ದಿಗೆ ಇಡೀ ಶೆಡ್ಡು ತಿರುಗಿತ್ತು. ಉಕ್ಕಿನ ಚೂರೊಂದು ಅರ್ಧ ಎತ್ತರದ ಕಾಪು ತಗಡಿನ ಮೇಲಿನಿಂದ ಹಾರಿ ಬಂದು ಬೈರಾಮಲಿಯ ಬಲಗಣ್ಣನ್ನು ಹೊಕ್ಕಿತು. ಬಿದ್ದಾಗ ತಲೆ ಸಿಮೆಂಟಿಗೆ ಬಡಿಯಿತು. ಎಲ್ಲರೂ ಅವನನ್ನು ಹೊತ್ತು ವ್ಯಾನಿನ ಕಡೆ ಓಡಿದರು. ಐವಾಜ್ ಕೂಡ ಓಡಿದ, ವ್ಯಾನಿನ ಬಾಗಿಲ ತನಕ. ಒಳಗೆ ಜಾಗವಿರಲಿಲ್ಲ. ಹಿಂದಿರುಗಿ ಬಂದಾಗ ಶೆಡ್ಡಿನಲ್ಲಿ ಅವನೊಬ್ಬನೇ ಇದ್ದ. ಪರದೆ ಬೆಳಗುತ್ತಿತ್ತು. 510ರ ಎದುರು 37 ಎಂದಿತ್ತು. ತಲೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರೊಳಗೆ ಬೆರಳುಗಳು ಕೆಲಸಕ್ಕೆ ತೊಡಗಿದ್ದವು. 37 ಅಳಿಸಿ 180 ಕೊಟ್ಟ. ಎಣಿಕೆಯ ಮ್ಯಾಕ್ರೋದಲ್ಲಿ 510 ಇದ್ದ ಕಡೆಯೆಲ್ಲ 524 ಮಾಡಿದ. ಎರಡು ನಿಮಿಷವೂ ಆಗಲಿಲ್ಲ. ಮರುದಿನ ಇನ್ಸ್‌ಪೆಕ್ಟರ್ ಫರ್ಶಿ ಬಂದು ಕೂತು ಒಂದೊಂದು ಸಾಲನ್ನೂ ನೋಡಿ, ಎಲ್ಲ ಸರಿಯಾಗಿದೆ ಎಂದು ಬರೆದುಕೊಂಡು ಹೋದ. ಎಲ್ಲ ಸರಿಯಾಗಿದ್ದರೆ ತಪ್ಪು ಮಾಡಿದವನು ಮನುಷ್ಯ. ಬೈರಾಮಲಿ ನಡುವೆ ನಿಲ್ಲಿಸಿ, ಟೂಲು ಮೇಲೆತ್ತದೆ, ಮತ್ತೆ ಅರ್ಧದಿಂದ ಓಡಿಸಿರಬೇಕು. ಕಣ್ಣು ಕಾಯುವ ಕನ್ನಡಕವೂ ಹಣೆಯ ಮೇಲಿತ್ತಂತೆ.

ಆಸ್ಪತ್ರೆಗೆ ಐವಾಜ್ ಒಮ್ಮೆ ಹೋಗಿದ್ದ. ಬೈರಾಮಲಿಯ ಹೆಂಡತಿ ಸುರೇಯಾ ಸೇಬು ಹೆಚ್ಚುತ್ತಿದ್ದವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಬ್ಯಾಂಡೇಜು ಸುತ್ತಿದ ತಲೆ ಅವನ ಕಡೆ ತಿರುಗಿತು.

"ತಮ್ಮಾ, ನಾನು ಏನು ಒತ್ತಿದೆ?"

"ಅದೆಲ್ಲ ಈಗ್ಯಾಕೆ ಬಿಡಣ್ಣಾ."

"ನಡುವೆ ನಿಲ್ಲಿಸ್ದೆ ಅಂತಾರೆ. ನಿಲ್ಲಿಸಿದ್ದು ನೆನಪೇ ಇಲ್ಲ. ಬೆಳಿಗ್ಗೆ ಚಹಾ ಕುಡಿದಿದ್ದು ನೆನಪಿದೆ, ಮೂಸಾ ಏನೋ ಪೋಲಿ ಮಾತಾಡಿದ್ದು ನೆನಪಿದೆ. ಇದು ಮಾತ್ರ ಇಲ್ಲ." ಹೊದಿಕೆಯ ಮೇಲೆ ಅವನ ಕೈ ಬಟನ್ನು ಒತ್ತುವಂತೆ ಒಂದೆರಡು ಸಲ ಆಡಿತು. "ನಮ್ಮಪ್ಪಂಗೂ ಹೀಗೇ ಶುರುವಾಗಿದ್ದು. ಅರವತ್ತು ತುಂಬೋಕೆ ಮುಂಚೆ. ಕೊನೆಗೆ ದಿನಾ ಬೆಳಿಗ್ಗೆ ಕೈಚೀಲ ಹಿಡ್ಕೊಂಡು ಹೊರಡೋನು, ಯಾವತ್ತೋ ಕೆಡವಿದ ಭಟ್ಟಿಗೆ ರೊಟ್ಟಿ ತರೋಕೆ. ಕಣ್ಣು ಹೋದ್ರೆ ಹೋಗ್ಲಿ, ಇನ್ನೊಂದಿದೆ. ತಲೆ ಇರೋದು ಒಂದೇ ಅಲ್ವಾ?"

ಸುರೇಯಾ ಸೇಬಿನ ಹೋಳುಗಳ ತಟ್ಟೆಯನ್ನು ಐವಾಜ್‌ನ ಮುಂದೆ ಹಿಡಿದಳು. ಅವನು ಒಂದನ್ನು ತೆಗೆದುಕೊಂಡ, ಇನ್ನೊಂದನ್ನೂ ತೆಗೆದುಕೊಂಡ. ಬಾಯಿ ತುಂಬಿದ್ದವನು ಮಾತಾಡಬೇಕಿಲ್ಲ. ಮತ್ತೆ ಅವನು ಆಸ್ಪತ್ರೆಗೆ ಹೋಗಲಿಲ್ಲ.

ಹನ್ನೊಂದಕ್ಕೆ ಬೈರಾಮಲಿ ಬಂದ. ಗೇಟಿನಿಂದ ಶೆಡ್ಡಿಗೆ ಬರುವ ನೇರ ದಾರಿಯಲ್ಲೇ ಎರಡು ಸಲ ನಿಂತು, ಹೆಜ್ಜೆಯನ್ನು ನೀರಿಗಿಳಿಸುವಂತೆ ಇಳಿಸುತ್ತ ಬಂದ. ಕಪ್ಪು ಕನ್ನಡಕ, ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕುರಾಬಿಯಾ ಬಿಸ್ಕತ್ತಿನ ಡಬ್ಬಿ. ಹಲವರು ಕೂಡಿ ಹೋಗುವ ಟ್ಯಾಕ್ಸಿಯಿಂದ ಒಂದು ನಿಲ್ದಾಣ ಮುಂಚೆಯೇ ಇಳಿದುಬಿಟ್ಟಿದ್ದನಂತೆ. "ಇಪ್ಪತ್ತಾರು ವರ್ಷ ಇಳಿದ ಜಾಗ, ನೋಡಿ," ಎಂದು ನಗುತ್ತಲೇ ಹೇಳಿದ. ಎಲ್ಲರೂ ಸುತ್ತುವರಿದರು. ಡಬ್ಬಿ ತೆರೆದು ಹಂಚಿದ.

"ಏನಣ್ಣಾ, ಕಣ್ಣು ಹೋಗಿದ್ದಕ್ಕೆ ಸಿಹಿನಾ?" ಎಂದ ಮೂಸಾ. "ಒಳ್ಳೇದೇ ಆಯ್ತು ಬಿಡು. ಇನ್ಮೇಲೆ ಗುರಿ ಇಡೋಕೆ ಒಂದು ಕಣ್ಣು ಮುಚ್ಚೋ ಕಷ್ಟ ಇಲ್ಲ."

"ನಿನ್ನ ಮುಖ ಅರ್ಧ ಮಾತ್ರ ಕಾಣತ್ತಲ್ಲ, ಅದೇ ದೊಡ್ಡ ಲಾಭ," ಎಂದ ಬೈರಾಮಲಿ. ಶೆಡ್ಡು ನಕ್ಕಿತು. ಐವಾಜ್ ಕೂಡ ನಕ್ಕ, ಉಳಿದವರಿಗಿಂತ ಒಂದು ಗಳಿಗೆ ಹೆಚ್ಚಾಗಿ. ಬೈರಾಮಲಿ ಡಬ್ಬಿ ಚಾಚಿದಾಗ ಅದು ಐವಾಜ್‌ನ ಕೈಗೆ ಒಂದು ಗೇಣು ಬಲಕ್ಕೆ ಗಾಳಿಯಲ್ಲಿ ನಿಂತಿತು.

ಸಿಯಾಮಕ್‌ನ ಕೋಣೆಯಲ್ಲಿ ಹೀಟರು ಉರಿಯುತ್ತಿತ್ತು. ಇನ್ಸ್‌ಪೆಕ್ಟರ್ ಫರ್ಶಿ ನೆಗಡಿಯಾಗಿದ್ದ, ಸೌಮ್ಯ ಮುಖದ ಐವತ್ತರ ಮನುಷ್ಯ. ಊರಿನ ಎಲ್ಲರಂತೆ ಮಾತಾಡುವುದು ತುರ್ಕಿಯಲ್ಲಿ, ಸರ್ಕಾರಿ ಕಾಗದ ಬರೆಯುವುದು ಫಾರ್ಸಿಯಲ್ಲಿ. ಒಂದು ಸಾಲು ಬರೆದು, ಓದಿ, ಬೈರಾಮಲಿಗಾಗಿ ಮತ್ತೆ ತುರ್ಕಿಗೆ ತಿರುಗಿಸಿ ಹೇಳುತ್ತಿದ್ದ. ಬೈರಾಮಲಿ ಪ್ರತಿಯೊಂದಕ್ಕೂ, ಮದುವೆಯ ಮಾತುಕತೆಗೆ ಬಂದವನಂತೆ, ತಲೆ ಬಗ್ಗಿಸಿ ಹೂಂಗುಡುತ್ತಿದ್ದ.

"ಪ್ರೋಗ್ರಾಮು ಬರೆದವರು ನೀವಲ್ವಾ?" ಎಂದು ಫರ್ಶಿ ಐವಾಜ್‌ನ ಕಡೆ ತಿರುಗಿದ. "ಅದರಲ್ಲಿ ಏನಾದ್ರೂ ದೋಷ?"

ಹೀಟರಿನ ಮೇಲಿಟ್ಟ ಕಿತ್ತಳೆ ಸಿಪ್ಪೆ ಕಮಟುತ್ತಿತ್ತು. ಐವಾಜ್ ಬಾಯಿ ತೆರೆದ. ಇಡೀ ಮಾತು, ಐನೂರ ಹತ್ತು, ಮೂವತ್ತೇಳು, ನಾಲ್ಕು ಹೆಜ್ಜೆ, ಚಪ್ಪಾಳೆ, ಎಲ್ಲವೂ ಒಂದರ ಹಿಂದೊಂದು ಗಂಟಲ ತನಕ ಬಂದು ಸಾಲಾಗಿ ನಿಂತಿತ್ತು. ಆಗ ಸಿಯಾಮಕ್, "ಫಾರ್ಸಿಯಲ್ಲೇ ಹೇಳಪ್ಪ, ಸಾಹೇಬ್ರಿಗೆ ಬರೆಯೋಕೆ ಸುಲಭ," ಎಂದ. ಐವಾಜ್‌ಗೆ ಫಾರ್ಸಿಯ ವಾಕ್ಯ ಕಟ್ಟಬೇಕಾಗಿ ಬಂತು. ಕಟ್ಟುವಾಗ ಅದು ಗಿಡ್ಡವಾಯಿತು. "ಪ್ರೋಗ್ರಾಮ್ ಸರಿಯಾಗಿದೆ," ಎಂದ. ಆಡಿದ ಮೇಲೆ ಗಮನಿಸಿದ, ತಾನು ಅಂದದ್ದು ಇತ್ತು ಎಂದಲ್ಲ, ಇದೆ ಎಂದು. ಇದೆ ಎಂಬುದು ಸುಳ್ಳಲ್ಲ. ಆ ಒಂದು ಅಕ್ಷರದ ಬಿರುಕಿನಲ್ಲಿ ಅವಿತು ಕೂತು ಅವನು ಫರ್ಶಿಯ ಪೆನ್ನು ಓಡುವುದನ್ನು ನೋಡಿದ. ಫರ್ಶಿ ಇತ್ತು ಎಂದು ಬರೆದುಕೊಂಡ.

"ಸರಿ. ಬೈರಾಮಲಿ ಆಗಾ, ಹೀಗೆ ಬರೆದಿದೀನಿ: ನಡುವೆ ನಿಲ್ಲಿಸಿ, ಟೂಲು ಎತ್ತದೆ ಮತ್ತೆ ಓಡಿಸಿದೆ, ನನ್ನ ಅಜಾಗ್ರತೆ. ಒಪ್ಪಿಗೆನಾ? ನೆನಪಿಲ್ಲ ಅಂತ ಬರೆಸೋದಾದ್ರೂ ಬರೆಸ್ಬಹುದು."

"ನೆನಪಿಲ್ಲ ಅಂತ ಬರೀಬೇಡಿ," ಎಂದ ಬೈರಾಮಲಿ ಥಟ್ಟನೆ. "ಅಜಾಗ್ರತೆ ಅಂತ ಇರ್ಲಿ. ಅಜಾಗ್ರತೆ ಯಾರಿಗಾದ್ರೂ ಆಗತ್ತೆ."

ಸಹಿ ಹಾಕಲು ಪೆನ್ನು ಕೊಟ್ಟರು. ಅದರ ಮೊನೆ ಕಾಗದಕ್ಕಿಂತ ಒಂದು ಬೆರಳು ಮೇಲೆ ಗಾಳಿಯಲ್ಲಿ ಗೆರೆ ಎಳೆಯಿತು. ಮತ್ತೆ ಇಳಿಸಿದ, ಈ ಸಲ ಮೇಜಿನ ಮರಕ್ಕೆ ತಾಗಿತು. ಫರ್ಶಿ ಬೇರೆಲ್ಲೋ ನೋಡಿದ. ಪಕ್ಕದಲ್ಲಿ ಕೂತಿದ್ದವನು ಐವಾಜ್. ಅವನೇ ಬೈರಾಮಲಿಯ ಮಣಿಕಟ್ಟು ಹಿಡಿದು ಗೆರೆಯ ಮೇಲೆ ತಂದು ಇರಿಸಿದ. ಮೊದಲ ದಿನ ಅರ ಹಿಡಿಯುವುದನ್ನು ಕಲಿಸಲು ಐವಾಜ್‌ನ ಮಣಿಕಟ್ಟನ್ನು ಹಿಡಿದಿದ್ದ ಕೈ ಇದೇ. ಈಗ ಹಕ್ಕಿಯಷ್ಟು ಹಗುರವಿತ್ತು.

ಹೊರಗೆ ಅಂಗಳದಲ್ಲಿ ಬಿಸಿಲಿತ್ತು, ಬೆಚ್ಚಗಿರಲಿಲ್ಲ. ಬೈರಾಮಲಿ ಕಬ್ಬಿಣದ ಕೊಳವೆಗಳ ರಾಶಿಯ ಮೇಲೆ ಕೂತು ಸಿಗರೇಟು ಹಚ್ಚಿಕೊಳ್ಳಲು ನೋಡಿದ. ಬೆಂಕಿ ತುದಿಗೆ ಸಿಕ್ಕಲಿಲ್ಲ. ಐವಾಜ್ ಹಚ್ಚಿಕೊಟ್ಟ.

"ಮುಗೀತು," ಎಂದ ಬೈರಾಮಲಿ. "ಒಂದು ಮಾತು ಕೇಳ್ತೀನಿ ತಮ್ಮಾ, ಯಾರಿಗೂ ಹೇಳ್ಬೇಡ. ಮನೇಲಿ ಗ್ಯಾಸ್ ಆರಿಸಿದೀನಾ ಅಂತ ನಾಲ್ಕು ನಾಲ್ಕು ಸಲ ಎದ್ದು ನೋಡ್ತೀನಿ. ಮೊಮ್ಮಗಳನ್ನ ಶಾಲೆಗೆ ಬಿಡೋಕೆ ಹೋಗೋದು ಬಿಟ್ಟೆ. ದಾರೀಲಿ ಕೈ ಬಿಟ್ಟುಬಿಟ್ರೆ? ನನ್ನ ಮೇಲೆ ನಂಗೇ ನಂಬಿಕೆ ಇಲ್ಲ. ನಿಂಗೆ ಹೀಗೆ ಯಾವತ್ತಾದ್ರೂ ಆಗಿದ್ಯಾ?"

ಐವಾಜ್ ನೆಲ ನೋಡಿದ. ಹಿಮ ಕರಗಿದ ನೀರಿನಲ್ಲಿ ಎಣ್ಣೆ ತೇಲುತ್ತಿತ್ತು. ಹೇಳಬೇಕೆಂದು ಅವನು ತೀರ್ಮಾನಿಸಿದ್ದಲ್ಲ. ಇಷ್ಟು ದಿನ ಹೊತ್ತವನಿಗೆ ಕೈ ಸೋತು ಜಾರಿತು, ಅಷ್ಟೆ.

"ನೀನೇನೂ ಒತ್ತಲಿಲ್ಲಣ್ಣಾ."

"ಆಂ?"

"ನೀನು ನಿಲ್ಲಿಸ್ಲೂ ಇಲ್ಲ, ಏನೂ ಇಲ್ಲ. ತಪ್ಪು ನಂದು. ಐನೂರ ಹತ್ತನೇ ಗೂಡಲ್ಲಿ ನೂರೆಂಬತ್ತು ಇತ್ತಲ್ಲ, ಅದರ ಮೇಲೆ ಮುಚ್ಚಳದ ಎಣಿಕೆ ಬರೆದುಬಿಟ್ಟೆ. ಮೂವತ್ತೇಳು ಮುಚ್ಚಳ. ನೀನು ಬಟನ್ ಒತ್ತಿದಾಗ ಅದು ಮೂವತ್ತೇಳಕ್ಕೆ ಬಂತು. ನೀವೆಲ್ಲ ಆಸ್ಪತ್ರೆಗೆ ಹೋದ ಮೇಲೆ ನಾನು ತಿದ್ದಿದೆ."

ಸಿಗರೇಟಿನ ಬೂದಿ ಉದ್ದವಾಗಿ ಬಾಗಿ ಬೈರಾಮಲಿಯ ಇಸ್ತ್ರಿ ಪ್ಯಾಂಟಿನ ಮೇಲೆ ಬಿತ್ತು. ಹೊಡೆಯಲಿ ಎಂದು ಐವಾಜ್ ಕಾದ. ಹೊಡೆದರೆ ಅಲ್ಲಿಗೆ ಏನೋ ಒಂದು ಮುಗಿದ ಹಾಗೆ ಎಂದುಕೊಂಡ.

"ಇನ್ನೊಂದ್ಸಲ ಹೇಳು. ನಿಧಾನಕ್ಕೆ."

ಐವಾಜ್ ಮತ್ತೆ ಹೇಳಿದ. ಈ ಸಲ ಮೂವತ್ತೇಳು ಎಂದಾಗ ಬೈರಾಮಲಿಯ ತುಟಿಗಳೂ ಜೊತೆಗೆ ಆಡಿದವು. ಆಮೇಲೆ ಅವನ ಮುಖದಲ್ಲಿ ಒಂದು ಬದಲಾವಣೆ ಶುರುವಾಯಿತು. ಅದನ್ನು ನೋಡಲು ಐವಾಜ್ ಸಿದ್ಧನಿರಲಿಲ್ಲ. ಬೈರಾಮಲಿ ನಗುತ್ತಿದ್ದ. ಕಪ್ಪು ಕನ್ನಡಕದ ಕೆಳಗಿನಿಂದ ಎಡಗೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಅಂದ್ರೆ ನನ್ನ ತಲೆ ಅಲ್ಲ," ಎಂದ. "ನನ್ನ ತಲೆ ಅಲ್ಲ ಅದು. ಅಯ್ಯೋ ನಿನ್ನ ಮನೆ ಕಾಯ್ವಾಗ, ಇದನ್ನ ಮೊದಲೇ ಹೇಳ್ಬಾರ್ದೇನೋ? ಮೂರು ವಾರ ನಾನು ಸತ್ತು ಬದುಕಿದೆ ಕಣೋ." ಎದ್ದು ಐವಾಜ್‌ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟ, ಗುರಿ ತಪ್ಪಿ ಅದು ಹುಬ್ಬಿನ ಮೇಲೆ ಬಿತ್ತು. ಕಣ್ಣು ಕಳೆದುಕೊಂಡದ್ದರ ವಿಷಯ ಒಂದೂ ಮಾತು ಆಡಲಿಲ್ಲ. ಅದು ಆಗ ಅವನಿಗೆ ನೆನಪೇ ಇದ್ದಂತಿರಲಿಲ್ಲ. "ಬಾ, ಬಾ," ಎಂದವನೇ ಐವಾಜ್‌ನ ತೋಳು ಹಿಡಿದು ಕೋಣೆಯ ಕಡೆ ಎಳೆದುಕೊಂಡು ನಡೆದ. ಬಂದಾಗಿನ ಹಾಗೆ ಹೆಜ್ಜೆ ತಡವರಿಸುತ್ತಿರಲಿಲ್ಲ.

ಐವಾಜ್ ಎಳೆಸಿಕೊಂಡು ಹೋದ. ತಾನು ಹೇಳಿದ್ದು ಬೈರಾಮಲಿಗೆ, ಇವರಿಗಲ್ಲ. ಅಂಗಳಕ್ಕೂ ಕೋಣೆಗೂ ನಡುವೆ ಇರುವುದು ಎಷ್ಟು ದೂರವೆಂದು ಅವನು ಯೋಚಿಸಿರಲಿಲ್ಲ.

ಫರ್ಶಿ ಕೋಟು ಹಾಕಿಕೊಂಡು, ಕೊನೆಯ ಲೋಟ ಚಹಾ ಕೈಯಲ್ಲಿ ಹಿಡಿದು ನಿಂತಿದ್ದ. ಬೈರಾಮಲಿ ಬಾಗಿಲಲ್ಲೇ ಶುರುಮಾಡಿದ. "ಸಾಹೇಬ್ರೆ, ಅದನ್ನ ಹರಿದುಹಾಕಿ. ಬೇರೆ ಬರೀರಿ. ನಾನಲ್ಲ ಅಂತೆ. ಐನೂರ ಹತ್ತನೇ ಗೂಡಂತೆ. ನೂರೆಂಬತ್ತರ ಜಾಗದಲ್ಲಿ ಮೂವತ್ತೇಳು ಇತ್ತಂತೆ, ಮುಚ್ಚಳದ ಎಣಿಕೆ. ಇವನೇ ಹೇಳ್ದ. ಹೇಳೋ ತಮ್ಮಾ, ನೀನೇ ಸರಿಯಾಗಿ ಹೇಳು."

ಮೂರು ಮುಖಗಳು ಐವಾಜ್‌ನ ಕಡೆ ತಿರುಗಿದವು. ಸಿಯಾಮಕ್‌ನ ಕಣ್ಣು ಮೂವತ್ತೇಳು ಎಂಬ ಮಾತಿಗೇ ಕಿರಿದಾಗಿತ್ತು. ಟೆಹರಾನಿಗೆ ಹೋದ ಮುಚ್ಚಳಗಳ ಪೆಟ್ಟಿಗೆಯ ಮೇಲೆ ಆ ಸಂಖ್ಯೆಯನ್ನು ಬರೆಸಿದ್ದವನು ಅವನೇ. ಅವನಿಗೆ ತಿಳಿದುಹೋಯಿತು ಎಂದು ಐವಾಜ್‌ಗೆ ತಿಳಿಯಿತು.

"ಐವಾಜ್ ಆಗಾ, ಹಾಗಂದಿರಾ ನೀವು?" ಎಂದ ಫರ್ಶಿ. "ಮಾರನೇ ದಿನವೇ ನಾನು ಬಂದು ನೋಡಿದೀನಿ. ಐನೂರ ಹತ್ತು, ನೂರೆಂಬತ್ತು. ಬರ್ಕೊಂಡಿದೀನಿ." ಲೋಟ ಕೆಳಗಿಟ್ಟು ಪುಟ ತಿರುವಿ ಬೆರಳಿಟ್ಟು ತೋರಿಸಿದ. ಅವನ ದನಿಯಲ್ಲಿ ಗದರಿಕೆ ಇರಲಿಲ್ಲ. "ಇದ್ದದ್ದನ್ನ ಯಾರಾದ್ರೂ ತಿದ್ದಿದ್ರೆ ಅದು ಬೇರೆ ವಿಷಯ ಆಗತ್ತೆ. ಕೋರ್ಟಿಗೆ ಹೋಗತ್ತೆ. ಯೋಚನೆ ಮಾಡಿ ಹೇಳಿ."

ಯೋಚನೆ ಬರಲಿಲ್ಲ. ಬಂದದ್ದು ಪರದೆ ಕಿತ್ತ ಕಿಟಕಿಗಳ ಮನೆ, ಅದರ ನಡುವೆ ಬಕೀಟು ಹಿಡಿದು ನಿಂತ ಫರಂಗೀಸ್. ಪೊಲೀಸರ ಜೀಪಿಗೆ ಕಿಟಕಿಯಲ್ಲಿ ಬಂದು ನಿಲ್ಲುವ ಎದುರು ಮನೆಯವರು. ಎಂಟನೆಯ ತರಗತಿ ಓದಿದವನ ಕೈಗೆ ಇಂಥದ್ದು ಕೊಟ್ಟರೆ ಇನ್ನೇನಾಗುತ್ತದೆ ಎನ್ನುವ ಮೂವರು ಮುಹಂದಿಸರು. ತನ್ನ ದನಿ ತನಗೇ ಕೇಳಿಸಿತು, ತುಂಬ ಸಹಜವಾಗಿ, ಒಂದಿಷ್ಟು ಕನಿಕರದಿಂದಲೂ ಕೂಡಿ.

"ಬೈರಾಮಣ್ಣಂಗೆ ತಪ್ಪು ಕೇಳಿಸಿರ್ಬೇಕು. ಹೀಗೂ ಆಗಬಹುದು ಅಂತ ಒಂದು ಮಾತಿಗೆ ಹೇಳ್ದೆ. ಹೀಗೇ ಆಯ್ತು ಅಂತ ಅಲ್ಲ."

ಬೈರಾಮಲಿ ತಲೆಯನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಉಳಿದ ಕಣ್ಣನ್ನು ಐವಾಜ್‌ನ ಮುಖದ ಮೇಲೆ ನಿಲ್ಲಿಸಿದ. "ಮೂವತ್ತೇಳು ಅಂದ್ಯಲ್ಲೋ," ಎಂದ. "ತಿದ್ದಿದೆ ಅಂದೆ. ನಾನು ಇನ್ನೊಂದ್ಸಲ ಹೇಳು ಅಂದೆ, ಇನ್ನೊಂದ್ಸಲ ಹೇಳ್ದೆ." ಒಂದೊಂದು ಮಾತಿಗೂ ದನಿ ಒಂದೊಂದು ಮೆಟ್ಟಿಲು ಇಳಿಯಿತು. "ಈಗ ತಾನೆ. ಕೊಳವೆ ಮೇಲೆ ಕೂತಾಗ."

"ಮುಚ್ಚಳದ ಎಣಿಕೆ ಒಂದು ಉದಾಹರಣೆಗೆ ಹೇಳ್ದೆ ಅಣ್ಣಾ."

"ಉದಾಹರಣೆಗೆ."

ಸಿಯಾಮಕ್ ಕಣ್ಣು ತಗ್ಗಿಸಿ ಮೇಜಿನ ಮೇಲಿನ ಕಾಗದಗಳನ್ನು ಸರಿಯಾಗಿ ಜೋಡಿಸಿದ. "ತಲೆಗೂ ಪೆಟ್ಟು ಬಿದ್ದಿತ್ತಲ್ಲ," ಎಂದ ಮೆಲ್ಲಗೆ, ಫರ್ಶಿಯ ಕಡೆ. "ಡಾಕ್ಟ್ರೂ ಹೇಳಿದಾರೆ, ಸ್ವಲ್ಪ ದಿನ ಹೀಗಿರತ್ತೆ ಅಂತ."

ಬೈರಾಮಲಿ ಇನ್ನೂ ಐವಾಜ್‌ನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟು ಬರುವುದೆಂದು, ಬಂದೇ ಬರಬೇಕೆಂದು ಐವಾಜ್ ಕಾಯುತ್ತಿದ್ದ. ಒಂದು ಸಲ ಬಂದ ಹಾಗೂ ಕಂಡಿತು. ಆದರೆ ಅದು ಬಂದ ದಾರಿಯಲ್ಲೇ ಹಿಂದಿರುಗಿ ಹೋಯಿತು. ಆ ಜಾಗಕ್ಕೆ ಬಂದದ್ದು ನಾಚಿಕೆ. ಬೈರಾಮಲಿ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಇರ್ಬೇಕು," ಎಂದ. "ಇತ್ತೀಚೆಗೆ ಒಂದು ಹೇಳಿದ್ರೆ ಒಂದು ಕೇಳಿಸತ್ತೆ. ತಪ್ಪು ತಿಳ್ಕೋಬೇಡಿ ಸಾಹೇಬ್ರೆ. ಇವನು ಒಳ್ಳೇ ಹುಡುಗ, ನನ್ನ ಸಮಾಧಾನಕ್ಕೆ ಏನೋ ಹೇಳೋಕೆ ಬಂದ. ಇರೋದು ಇರ್ಲಿ. ಸಹಿ ಆಗಿದ್ಯಲ್ಲ."

ಫರ್ಶಿ ಫೈಲು ಮುಚ್ಚಿ ಚೀಲಕ್ಕೆ ಹಾಕಿದ. ಹೋಗುವಾಗ ಬೈರಾಮಲಿಯ ಭುಜ ತಟ್ಟಿದ, ಐವಾಜ್‌ನ ಕೈ ಕುಲುಕಿದ. ಸಿಯಾಮಕ್ ಬಾಗಿಲ ತನಕ ಬಂದು ಐವಾಜ್‌ನ ಮುಖ ನೋಡದೆ ಹೇಳಿದ: "ಅಣ್ಣನ್ನ ಟ್ಯಾಕ್ಸಿ ಹತ್ತಿಸಿ ಬನ್ನಿ, ಐವಾಜ್ ಆಗಾ." ಹನ್ನೊಂದು ವರ್ಷದಲ್ಲಿ ಅವನು ಐವಾಜ್‌ನನ್ನು ಆಗಾ ಎಂದು, ಬಹುವಚನದಲ್ಲಿ, ಮರ್ಯಾದೆ ಕೊಟ್ಟು ಕರೆದದ್ದು ಅದೇ ಮೊದಲು.

ರಸ್ತೆಯ ತನಕ ಬೈರಾಮಲಿ ಅವನ ತೋಳಿಗೆ ತೋಳು ಸೇರಿಸಿ ನಡೆದ. ಚರಂಡಿ ಬಂದಾಗ ನಿಂತು, ದಾಟಿಸಲೆಂದು ಕಾದ. ಐವಾಜ್ ದಾಟಿಸಿದ. ಈಗ ಹೇಳಬಹುದು, ಈಗಲೂ ಹೇಳಬಹುದು, ಗೇಟಿನ ತನಕ, ಆ ಕಂಬದ ತನಕ ಎಂದುಕೊಳ್ಳುತ್ತ ನಡೆದ. ಆದರೆ ಇನ್ನೊಮ್ಮೆ ಹೇಳಿದರೆ ಈ ಮನುಷ್ಯ ಯಾವುದನ್ನು ನಂಬಬೇಕು? ತನ್ನ ಮಾತನ್ನು ತಾನೇ ಕೊಂದು ಬಂದಿದ್ದಾಗಿತ್ತು. ನಿಜ ಹೇಳುವ ದಾರಿಯೇ ಅದರೊಂದಿಗೆ ಮುಚ್ಚಿಹೋಗಿತ್ತು. ಹಳದಿ ಟ್ಯಾಕ್ಸಿಯೊಂದು ನಿಂತಿತು. ಒಳಗೆ ಆಗಲೇ ಮೂವರು ಕೂತಿದ್ದರು. ಬೈರಾಮಲಿ ಬಾಗಿಲ ಹಿಡಿಯನ್ನು ತಡವಿ ಹುಡುಕಿ, ಸಿಕ್ಕಿದ ಮೇಲೂ ತೆರೆಯದೆ ಐವಾಜ್‌ನ ಕಿವಿಯ ಹತ್ತಿರಕ್ಕೆ ಬ‌ಗ್ಗಿದ.

"ತಮ್ಮಾ, ಒಳಗೆ ನಾನು ಹಾಗೆಲ್ಲ ಆಡಿದ್ದು ಸುರೇಯಾಗೆ ಹೇಳ್ಬೇಡ. ಹೆದರ್ಕೋತಾಳೆ."

"ಹೇಳಲ್ಲಣ್ಣಾ," ಎಂದ ಐವಾಜ್.